ಎರಡನೆಯ ಪ್ಲೇಟು

ಇರುವೆಯ ಬಾಯಲ್ಲಿ ತೊಗರಿಯ ಹೊಟ್ಟು, ತನಗಿಂತ ನಾಲ್ಕು ಪಟ್ಟು ದೊಡ್ಡದು, ಹೊಸ್ತಿಲ ಬಿರುಕಿನ ಬಳಿ ನಿಂತು ಮೀಸೆಯಾಡಿಸುತ್ತಿದೆ, ಬೆಳಕು ಎಡದಿಂದ ಬಿದ್ದು ಹೊಟ್ಟಿನ ಅಂಚು ಬಂಗಾರದ ಕಾಗದದಂತೆ — ಬೇಡ, ಅಜೀಮುದ್ದೀನ್, ಇವತ್ತಾದರೂ ಬೇಡ, ಸತ್ತವಳ ಮನೆಯ ಕಟ್ಟೆಯ ಮೇಲೆ ಕುಳಿತು ಇರುವೆಯ ಮೇಲಿನ ಬೆಳಕನ್ನು ಅಳೆಯುವ ಈ ಕಣ್ಣನ್ನು ಏನು ಮಾಡಲಿ, ಒಳಗೆ ಗಯಾಬಾಯಿ ಕೊಡ ಬಗ್ಗಿಸುವ ಸದ್ದು, ಕೂಡ್ರಿ ಸಾಬ್ರ, ಚಾ ಇಡತೀನಿ ಅಂದಳು, ಮಗಳು ಹೋಗಿ ಹನ್ನೊಂದು ದಿನ, ನನಗೆ ಚಹಾ, ಅಂಗಿಯೊಳಗೆ ಎದೆಗೊತ್ತಿದ ಪೊಟ್ಟಣದಲ್ಲಿ ಅವಳ ದ್ರೌಪತಿ, ಭೂಮಿಯ ಮೇಲೆ ಉಳಿದ ಒಂದೇ ಚಿತ್ರ, ಕೊಡಬೇಕು, ಕೊಡಲಾರೆ, ಹುಮನಾಬಾದಿನಿಂದ ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ ಕಲ್ಯಾಣಕ್ಕೆ ಬರುವಾಗ ಎರಡು ಸಲ ಇಳಿದುಬಿಡಲು ಎದ್ದೆ, ಎರಡು ಸಲವೂ ಕುಳಿತೆ.

ಗಡಿಯಾರ ರಿಪೇರಿಯ ಕಣ್ಗಾಜಿನಲ್ಲಿ ಒಂದು ದಿನ ನೊಣದ ರೆಕ್ಕೆ ಕಂಡದ್ದೇ ತಪ್ಪಾಯಿತೇನೋ, ಅಂದಿನಿಂದ ಮುಳ್ಳುಗಳು ತಿರುಗುವುದು ಸಪ್ಪೆಯಾಯಿತು, ಹೈದರಾಬಾದಿನ ಹರಾಜಿನಲ್ಲಿ ಹಳೆಯ ಕ್ಯಾಮೆರಾ, ಯಾರೂ ಕಲಿಸಲಿಲ್ಲ, ಕೆಟ್ಟು ಕೆಟ್ಟು ಕಲಿತೆ, ಮಳೆಯ ಕೆಂಪು ಮಖಮಲ್ ಹುಳು, ಕೋಟೆಗೋಡೆಯ ಹಾವಸೆ, ಓತಿಯ ಕಣ್ಣು, ಮಂದಿ ರಾಜಾ ರಾಣಿ ಫೋಟೋ ತೆಗೀತಾರ, ನಮ್ಮ ಚಾಚಾ ಹುಳದ ಫೋಟೋ ತೆಗೀತಾನ ಎಂದು ದ್ರೌಪತಿ ನಗುತ್ತಿದ್ದಳು, ನಗುತ್ತಲೇ ಎಲ್ಲಿ ಯಾವ ಹುಳವಿದೆಯೆಂದು ತೋರಿಸುವವಳೂ ಅವಳೇ. ಅವಳಿಗೆ ಚಿಟಗುಪ್ಪದಿಂದ ಸಂಬಂಧ ಬಂದಿತ್ತು, ಸೊಲ್ಲಾಪುರದ ಗಿರಣಿಯಲ್ಲಿದ್ದ ಹುಡುಗ ಫೋಟೋ ಕೇಳಿದ್ದ, ಯುದ್ಧದಿಂದಾಗಿ ಚಿತ್ರ ಹಿಡಿಯುವ ಗಾಜಿನ ಪ್ಲೇಟು ಎಲ್ಲಿಯೂ ಸಿಗದು, ನನ್ನ ಬಳಿ ಉಳಿದದ್ದು ಎರಡೇ, ಎರಡು ಮರದ ಚೌಕಟ್ಟುಗಳಲ್ಲಿ, ಒಂದು ಅವಳಿಗೆ ಎಂದು ಎತ್ತಿಟ್ಟಿದ್ದೆ. ಅದನ್ನು ತೆಗೆಯಲು ಇಲ್ಲಿಗೆ ಬಂದ ಆ ಬೆಳಿಗ್ಗೆ ಹಿತ್ತಲಿನಿಂದ ಅವಳ ಕೂಗು, ಚಾಚಾ, ಲಗೂ ಬರ್ರಿ, ಬಲ್ಯಾಗ ಯಾರೋ ಮುತ್ತು ಪೋಣಿಸ್ಯಾರ, ತೊಗರಿ ಗಿಡಗಳ ನಡುವೆ ಜೇಡನ ಬಲೆ, ಎಳೆ ಎಳೆಗೂ ಇಬ್ಬನಿ, ಹಿಂದೆ ಕತ್ತಲೆ, ತೆಗೆದೆ, ತೆಗೆದಾದ ಚೌಕಟ್ಟಿಗೆ ಕರಿ ದಾರ ಕಟ್ಟಿದೆ, ಅದು ನನ್ನ ಪದ್ಧತಿ, ದಾರವಿದ್ದದ್ದನ್ನು ಮತ್ತೆ ಮುಟ್ಟಬಾರದು, ಹನ್ನೆರಡು ವರ್ಷ ತಪ್ಪಿಲ್ಲ. ಅಷ್ಟರಲ್ಲಿ ಗಯಾಬಾಯಿ ಅಡ್ಡ ಬಂದಳು, ಹರೇದ ಹುಡುಗಿ, ದೃಷ್ಟಿ ಆಗ್ತದ್ರಿ, ಕೈಗೆ ಕರಿ ದಾರ ಇಲ್ಲದ ನಾ ಕೂಡಸಂಗಿಲ್ಲ, ಮನೆಯೆಲ್ಲ ಹುಡುಕಿದರೂ ಬಿಳಿ, ಕೆಂಪು, ಕರಿಯದಿಲ್ಲ, ಬಿಸಿಲು ಏರುತ್ತಿದೆ, ಗೋಡೆಯ ಮೇಲಿನ ಮೆತ್ತನೆಯ ಬೆಳಕು ಹೋಗಿಬಿಡುತ್ತದೆ, ನಾನೇ, ನನ್ನ ಈ ಕೈಯೇ ಚೌಕಟ್ಟಿನ ದಾರ ಬಿಚ್ಚಿ ಕೊಟ್ಟಿತು, ತಾಯಿ ಮಗಳ ಮಣಿಕಟ್ಟಿಗೆ ಗಂಟು ಹಾಕಿದಳು, ಹುಳದ ದಾರ ನನಗ ಕಟ್ಟಾಕತ್ತೀರೇನು ಎಂದು ದ್ರೌಪತಿ ನಕ್ಕಳು, ಕಂಬಳಿಯ ಮೇಲೆ ಒಂದೇ ತೆರನಾದ ಎರಡು ಚೌಕಟ್ಟು, ನೋಡದೆ ಒಂದನ್ನು ಎತ್ತಿಕೊಂಡೆ, ಅವಳು ಉಸಿರು ಬಿಗಿಹಿಡಿದು ಕುಳಿತಳು.

ಆಮೇಲೆ ಅಂಗಡಿ, ಗಡಿಯಾರಗಳು, ಪ್ಲೇಟನ್ನು ನಾಳೆ ತೊಳೆದರಾಯಿತು, ನಾಳೆ, ಬಸ್ಸಿನ ಕಂಡಕ್ಟರ್ ಉತ್ತಮನು ಬಾಗಿಲಲ್ಲಿ ನಿಂತು ಗಯಾಬಾಯಿ ಮಗಳು ಹೋದಳ್ರಿ, ಮೂರು ದಿನದ ಜ್ವರ ಎಂದಾಗ ಕೈಯಲ್ಲಿದ್ದ ಸ್ಪ್ರಿಂಗು ಹಾರಿಹೋಯಿತು, ಮುಖವಾದರೂ ನನ್ನ ಬಳಿ ಉಳಿದಿದೆ ಎಂದುಕೊಂಡೆ, ಅಂದೇ ತೊಳೆದೆ, ಪ್ಲೇಟಿನಡಿ ಕಾಗದವನ್ನಿಟ್ಟು ಬಿಸಿಲಿಗೊಡ್ಡಿದೆ, ನಿಧಾನವಾಗಿ ಹಣೆ, ಮೂಗು, ಅದರ ಮೇಲೆಲ್ಲ ಬೆಳ್ಳಗೆ ಬಲೆಯ ಎಳೆ ಎಳೆ, ಬಲಗಣ್ಣಿನ ಜಾಗದಲ್ಲಿ ಒಂದು ಇಬ್ಬನಿ — ಸುಭಾನಲ್ಲಾಹ್ ಎಂದೆ, ಹೌದು, ಮೊದಲು ಬಾಯಿಗೆ ಬಂದದ್ದು ಅದೇ, ಇಷ್ಟು ಚೆಂದದ್ದನ್ನು ಜನ್ಮದಲ್ಲಿ ತೆಗೆದಿರಲಿಲ್ಲ, ತಿಳಿಯುವ ಮುನ್ನ ಹಿಗ್ಗಿದೆ, ಆ ಹಿಗ್ಗನ್ನು ಯಾವ ನೀರಿನಲ್ಲಿ ತೊಳೆಯಲಿ. ಬಲೆ ತೆಗೆದ ಪ್ಲೇಟಿನ ಮೇಲೆಯೇ ಅವಳನ್ನೂ ತೆಗೆದಿದ್ದೆ, ಇನ್ನೊಂದು ಪ್ಲೇಟು ಕಪಾಟಿನ ಕತ್ತಲಲ್ಲಿ ಹಾಗೆಯೇ ಇದೆ, ಖಾಲಿ, ಚೊಕ್ಕ, ಕೂರಬೇಕಾದವಳು ಇಲ್ಲ. ಚಿತ್ರದ ಪ್ಲೇಟು ಒಡೆದುಹೋಯಿತು ಎಂದುಬಿಡಲೇ, ಒಡೆದದ್ದಕ್ಕೆ ಗಯಾಬಾಯಿ ಒಂದು ಸಲ ಅಳುತ್ತಾಳೆ, ಇದಕ್ಕೆ ದಿನಾ —

ತಂದೀರೇನ್ರಿ ಎಂದು ಕೈ ಚಾಚಿದ್ದಾಳೆ, ಕೈ ಒದ್ದೆಯಿದೆ, ಒರೆಸಿಕೊಂಡು ಮತ್ತೆ ಚಾಚುತ್ತಾಳೆ, ನನ್ನ ಕೈ ಕೊಟ್ಟೇಬಿಟ್ಟಿತು, ಧೂಳ ಕುಂತದಲ್ರಿ ಮಾರೀ ಮ್ಯಾಲ, ಸೆರಗಿನಿಂದ ಒರೆಸುತ್ತಾಳೆ, ಮೆಲ್ಲಗೆ, ಮಗುವಿನ ಮುಖ ಒರೆಸುವಂತೆ, ಹೋಗವಲ್ದು, ಹೋಗವಲ್ದು ಸಾಬ್ರ, ಹೇಳು, ಅಜೀಮುದ್ದೀನ್, ಈಗ ಹೇಳು, ಅವಳ ಬೆರಳು ಕೆಳಗಿಳಿಯುತ್ತದೆ, ಬಲೆ ಮುಗಿಯುವಲ್ಲಿ, ಮಡಿಲ ಮೇಲಿನ ಕೈಯ ಬಳಿ ನಿಲ್ಲುತ್ತದೆ, ಅಲ್ಲೊಂದೇ ಎಲ್ಲವೂ ಸ್ಪಷ್ಟ, ಇಲ್ಲಿ ಛಂದ ಬಂದದ ನೋಡ್ರಿ, ದಾರ, ನೀವ ಕೊಟ್ಟದ್ದು, ಗಟ್ಟಿ ಗಂಟು ಹಾಕಿದ್ದೆ, ಆದರೂ ಯಾಕ ಉಳೀಲಿಲ್ಲ ಅಕಿ ಎನ್ನುತ್ತಾಳೆ, ನನ್ನ ಕಣ್ಣಿಗೆ ಗಂಟಿನ ಎರಡು ತುದಿ, ಒಂದು ಚಿಕ್ಕದು ಒಂದು ಉದ್ದ, ಚೌಕಟ್ಟಿಗೆ ಕಟ್ಟುವಾಗ ನಾನೇ ಹಲ್ಲಿನಿಂದ ಕಡಿದದ್ದು, ಕರಿ ದಾರ, ಮಣಿಕಟ್ಟಿನ ಮೇಲೆ ಕರಿ ದಾರ, ಕರಿ ದಾರ —