ಕುಂಟ ಬೆಕ್ಕಿನ ವಿಷ

‘ವೀರುಸ್’ ಎಂಬ ಲ್ಯಾಟಿನ್ ನಾಮಪದದ ಹಿಂದೆ ನಾನು ವರ್ಷಗಟ್ಟಲೆ ಬಿದ್ದಿದ್ದೆ. ಅದಕ್ಕೂ ನಮ್ಮ ‘ವಿಷ’ಕ್ಕೂ ಬೇರು ಒಂದೇ. ಅದರ ಅರ್ಥ ಮೊದಲು ಲೋಳೆ ರಸ, ಆಮೇಲೆ ಹಾವಿನ ವಿಷ, ತೀರಾ ಈಚೆಗೆ ರೋಗ ತರುವ ವೈರಸ್. ನೋಡಲು ಪುಲ್ಲಿಂಗದಂತಿದ್ದರೂ ಅದು ನಪುಂಸಕ. ಹಳೆಯ ಬರಹಗಳನ್ನೆಲ್ಲ ಜಾಲಾಡಿದರೂ ಬಹುವಚನ ಸಿಗದು. ಇಷ್ಟನ್ನು ಒಂದು ಪುಟಕ್ಕೆ ಇಳಿಸುವಷ್ಟರಲ್ಲಿ ನನಗೆ ಕನ್ನಡಕ ಬಂತು.

ನಮ್ಮ ನಿಘಂಟು ಕಚೇರಿಯ ಸಂಪಾದಕರು ಆ ಪುಟದ ಕೆಳಗಿದ್ದ ನನ್ನ ಹೆಸರು ಹೊಡೆದು ತಮ್ಮದನ್ನು ಹಾಕಿಕೊಂಡರು. ಕೇಳಿದ್ದಕ್ಕೆ, “ಪದ ಯಾರಪ್ಪನ ಆಸ್ತಿನಮ್ಮಾ? ಹೋಗು, ಟೀ ತರಿಸು” ಎಂದರು. ಹೋಗಿ ಟೀ ತರಿಸಿದೆ.

ಅದಕ್ಕೆ ಕಾರಣವಿತ್ತು. ಕದ್ದವರು ಸಿಕ್ಕಿಬೀಳಲೆಂದು ಪ್ರತಿ ಕರಡಿನಲ್ಲೂ ಒಂದು ಹುಸಿ ಉದಾಹರಣೆ ಇಡುವುದು, ಕೊನೆಯ ಪ್ರೂಫಿನಲ್ಲಿ ಬರೆದವರೇ ಅದನ್ನು ತೆಗೆಯುವುದು ನಮ್ಮ ಕಚೇರಿಯ ಪದ್ಧತಿ. ನನಗೆ ಅದನ್ನು ಕಲಿಸಿದವರೂ ಇದೇ ಮಹಾನುಭಾವರು. ನಾನು ಲ್ಯಾಟಿನ್ನಿನಲ್ಲಿ ಇಟ್ಟಿದ್ದ ಸಾಲು: ‘ಈ ಕುಂಟ ಬೆಕ್ಕು ಬೆಚ್ಚಗೆ ಮಾಡಿಕೊಡದಿದ್ದರೆ ವಿಷವನ್ನೂ ಕುಡಿಯುವುದಿಲ್ಲ.’ ತಣ್ಣನೆ ಹಾಲಿಗೆ ಮುಖ ತಿರುಗಿಸುವ ನಮ್ಮ ಮನೆಯ ಬೆಕ್ಕಿಗೆ ಅಕ್ಕ ಬೈಯುವ ಮಾತದು. ಪುಟ ಅವರ ಹೆಸರಿನಲ್ಲಿದ್ದರಿಂದ ಪ್ರೂಫ್ ಅವರಿಗೇ ಹೋಯಿತು, ನನ್ನ ಕೈಗೆ ಬರಲೇ ಇಲ್ಲ. ನಾನೂ ನೆನಪಿಸಲಿಲ್ಲ.

ನಿಘಂಟಿನ ಬಿಡುಗಡೆಯ ದಿನ ಮುಂದಿನ ಸಾಲಿನಲ್ಲೇ ಕೂತೆ. ಅತಿಥಿಯಾಗಿ ಬಂದಿದ್ದ ಲ್ಯಾಟಿನ್ ಪ್ರೊಫೆಸರಮ್ಮ ಪುಟ ತೆರೆದು ಕೇಳಿದರು.

“ಈ ಬೆಕ್ಕಿನ ಸಾಲು ನಾನೆಲ್ಲೂ ಓದಿಲ್ವಲ್ಲ, ಎಲ್ಲಿ ಸಿಕ್ತು?”

“ಹಳೇ ಹಸ್ತಪ್ರತೀಲಿ. ಈ ಕೈಯಾರೆ ಧೂಳು ಒರೆಸಿ ಓದಿದೀನಿ” ಎಂದರು ಸಂಪಾದಕರು.

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಎದ್ದು ನಿಂತೆ.

“ಆ ಬೆಕ್ಕು ನಮ್ಮನೇಲಿದೆ ಮೇಡಂ. ಮಾತು ನಮ್ಮಕ್ಕಂದು, ಲ್ಯಾಟಿನ್ ನಂದು. ಕಳ್ಳರಿಗೆ ಅಂತ ಇಟ್ಟಿದ್ದು.”

ಪದ್ಧತಿ ಗೊತ್ತಿದ್ದ ನಮ್ಮ ಕಚೇರಿಯವರು ಮೊದಲು ನಕ್ಕರು, ಆಮೇಲೆ ಇಡೀ ಸಭೆ. ಪ್ರೊಫೆಸರಮ್ಮ ನಗಲಿಲ್ಲ. “ಎಲ್ಲಿ, ಆ ಹಸ್ತಪ್ರತಿ ತೋರಿಸಿ” ಎಂದರು. ಸಂಪಾದಕರು ನೀರಿನ ಲೋಟಕ್ಕೆ ಕೈ ಚಾಚಿ ಅದನ್ನೂ ಬೀಳಿಸಿದರು. ಮರುಮುದ್ರಣದಲ್ಲಿ ನನ್ನ ಹೆಸರೇ ಇರಬೇಕೆಂದು ಅಲ್ಲೇ ತೀರ್ಮಾನವಾಯಿತು.

ಮೆಟ್ಟಿಲ ಬಳಿ ಸಂಪಾದಕರು ನನ್ನನ್ನು ತಡೆದರು. “ಮೊದಲೇ ಒಂದು ಮಾತು ಹೇಳ್ಬಾರ್ದಿತ್ತೇನಮ್ಮಾ? ಮಾನ ಹರಾಜಾಯ್ತಲ್ಲ!”

“ನಾನೇನು ಹೇಳ್ಲಿ ಸಾರ್? ನೀವೇ ಬರ್ದಿದ್ದು ಅಂತ ಪುಟದ ಕೆಳಗೇ ಇತ್ತಲ್ಲ” ಎಂದೆ. “ಟೀ ತರಿಸ್ಲಾ?”