ಗಟ್ಟಿಮುಟ್ಟಾದ ಭಾವ

ನನ್ನ ಗಂಡನ ಮನೆಯವರಿಗೆ ಆರೋಗ್ಯ ಅಳೆಯಲು ಗೊತ್ತಿರುವ ಉಪಾಯ ಒಂದೇ, ರಾಗಿಮುದ್ದೆ. ಹೊತ್ತಿಗೆ ಎರಡು ಮುದ್ದೆ ಇಳಿಸಿದವನು ಗಟ್ಟಿ. ನನ್ನ ಗಂಡನ ಅಣ್ಣ, ಭಾವ ಅಂಕಯ್ಯನವರು ಅರವತ್ತಾರರಲ್ಲೂ ಇಳಿಸುತ್ತಿದ್ದರು. ಹಾಗಾಗಿ ಗುತ್ತಲಿನ ನಮ್ಮ ಮನೆಯಲ್ಲಿ ಯಾರೂ ಅವರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ.

ಭಾವನಿಗೆ ಆಟಿಸಂ. ಡಾಕ್ಟರು ಆ ಹೆಸರು ಹೇಳಿದ್ದು ಅವರಿಗೆ ಅರವತ್ತು ದಾಟಿದ ಮೇಲೆ. ಅದಕ್ಕೆ ಮುಂಚೆ ಮನೆಯವರು 'ಅರೆಹುಚ್ಚ' ಎನ್ನುತ್ತಿದ್ದರು, ಆಮೇಲೂ ಅದನ್ನೇ ಎಂದರು. ಹೆಸರು ತಿಳಿದ ಮಾತ್ರಕ್ಕೆ ಇವರಿಗೆ ಬುದ್ಧಿ ಬಂದೀತೆ!

ನಮ್ಮ ಮಗಳು ತೇಜುವಿನ ಮದುವೆ ಮುಗಿದು ಮದ್ದೂರಿನಲ್ಲಿ ಬೀಗರ ಊಟ. ಬಂಡೂರು ಕುರಿ ಕಡಿದಿದ್ದೇನೆಂದು ಬೀಗ ಕೆಂಪರಾಜು ನೂರು ಸಲ ಹೇಳಿಕೊಂಡ. ಬೇಡ ಎಂದವರ ಎಲೆಗೆ ಇನ್ನಷ್ಟು ಸುರಿಯುವುದೇ ನಮ್ಮವರ ಉಪಚಾರ. ಭಾವ ಎಲೆಗೆ ಕೈ ಅಡ್ಡ ಹಿಡಿದರು. ಕೆಂಪರಾಜು ಬಗ್ಗಿ ಮಾಂಸದ ತುಂಡನ್ನು ನೇರ ಅವರ ಬಾಯಿಗೇ ತುರುಕಿದ. ಭಾವ ಅದನ್ನು ಉಗಿದು, ತಮ್ಮ ಕೆನ್ನೆಗೆ ತಾವೇ ಪಟಪಟನೆ ಹೊಡೆದುಕೊಂಡರು.

"ಕುರಿ ಕಡ್ದು ಉಗುಳಿಸ್ಕೊಂಡಂಗಾಯ್ತಲ್ಲಪ್ಪಾ!" ಎಂದ ಕೆಂಪರಾಜು.

ನನ್ನ ಗಂಡ ಶಿವರಾಮು ಎಂಬ ಮಾನವಂತ ತಲೆ ತಗ್ಗಿಸಿದ. ಬಾಯಿಗೆ ತುರುಕಿದವನ ತಪ್ಪು ಅವನಿಗೆ ಕಾಣಲೇ ಇಲ್ಲ. ಮನೆಗೆ ಬಂದವನೇ, "ವಯಸ್ಸಾದಂಗೆ ಉಚ್ಚು ಜಾಸ್ತಿ ಆಯ್ತಾ ಅದೆ ಕಣೆ. ಸೋಮ್ವಾರ ಮಳವಳ್ಳಿ ತಾವಿರೋ ಆಸ್ರಮಕ್ಕೆ ಬುಟ್ಟು ಬತ್ತೀನಿ" ಎಂದ.

"ಏನಾದ್ರೂ ಕಾಯ್ಲೆ ಇದ್ರೆ?" ಎಂದೆ.

"ಎರಡು ಮುದ್ದೆ ನುಂಗ್ತಾನೆ. ಅವನಿಗ್ಯಾವ ಕಾಯ್ಲೆ ಬುಡು!"

ಆಗ ನನಗೆ ಹೊಳೆಯಿತು. ಮುದ್ದೆಯನ್ನು ಯಾರು ತಾನೇ ಅಗಿಯುತ್ತಾರೆ? ಭಾವ ತಿಂಗಳುಗಳಿಂದ ಚಕ್ಕುಲಿ, ಕಡಲೆಬೀಜ, ರೊಟ್ಟಿ ಯಾವುದನ್ನೂ ಮುಟ್ಟಿರಲಿಲ್ಲ. ಈ ಮನೆಯವರ ಮೇಲೆ ಮೈಯೆಲ್ಲ ಉರಿಯಿತು.

ಮರುದಿನವೇ ಭಾವನನ್ನು ಮಂಡ್ಯದ ಹಲ್ಲಿನ ಡಾಕ್ಟರ ಬಳಿ ಕರೆದೊಯ್ದೆ. ಗಂಡನೂ ಮೂತಿ ಊದಿಸಿಕೊಂಡು ಬಂದ. ಡಾಕ್ಟರ್ ಫಾಯಿಜಾ, "ಎಲ್ಲಿ ನೋವು?" ಎಂದರೆ ಇವನೇ ಉತ್ತರಿಸಲು ಹೊರಟ.

"ನಾನು ಕೇಳಿದ್ದು ಅವರನ್ನ," ಎಂದರು ಆಕೆ.

"ಎಡಗಡೆ, ಕೆಳಗೆ. ಯುಗಾದಿಯಿಂದ," ಎಂದರು ಭಾವ.

ಕೀವು ದವಡೆಗೆ ಇಳಿದಿತ್ತು. ಇನ್ನಷ್ಟು ತಡವಾಗಿದ್ದರೆ ಜೀವಕ್ಕೇ ಅಪಾಯವಿತ್ತು ಎಂದರು ಡಾಕ್ಟರು. ನನ್ನ ಗಂಡನಿಗೆ ನಾಚಿಕೆಯಾಗಬೇಕಿತ್ತು. ಅವನು ಅಣ್ಣನ ಮೇಲೇ ರೇಗಿದ: "ಇಷ್ಟು ದಿನ ನಂಗ್ಯಾಕೆ ಯೋಳ್ನಿಲ್ಲ ನೀನು?"

ಭಾವ ನೆಲ ನೋಡುತ್ತ ಹೇಳಿದರು:

"ದಿನಾ ನೀನು ಕೇಳ್ತಿದ್ದದ್ದು 'ಉಂಡ್ಯಾ' ಅಂತ. ನಾನು ಉಂಡಿದ್ದೆ."