ಮೊಳೆಗೆ ನೇತುಬಿದ್ದ ಎಡಗಾಲಿನ ಶೂ

ನಮ್ಮ ದೋಣಿ ಶೆಡ್ಡಿನಲ್ಲಿ ಒಂದು ಕೆಟ್ಟ ಪದ್ಧತಿಯಿದೆ. ರಭಸದ ನೀರಿನಲ್ಲಿ ಒಬ್ಬರೇ ಕೂರುವ ನಮ್ಮ ಕಿರುದೋಣಿ ಮಗುಚಿದರೆ ಒಳಗೇ ಕೂತು, ಹುಟ್ಟು ಬೀಸಿ ಮೇಲೇಳಬೇಕು. ಹೊರಗೆ ಬಿದ್ದು ಈಜಿ ಬಂದವರ ಎಡಗಾಲಿನ ಶೂ ಬಾಗಿಲ ಪಕ್ಕದ ಮೊಳೆಗೆ ಹೋಗುತ್ತದೆ. ಬಿದ್ದ ಜಾಗವನ್ನೇ ದೋಣಿಯಲ್ಲಿ ಕೂತು ದಾಟುವವರೆಗೆ ಇಳಿಸುವಂತಿಲ್ಲ. ನನ್ನದು ಮೂರು ವರ್ಷದಿಂದ ನೇತಾಡುತ್ತಿತ್ತು. ಊರವರ ಒಡೆದ ದೋಣಿಗಳಿಗೆಲ್ಲ ತೇಪೆ ಹಾಕುವವಳು ನಾನು. ಬಂದವರು ಮೊದಲು ಆ ಶೂ ನೋಡಿ, ಆಮೇಲೆ ನನ್ನ ಮುಖ ನೋಡುತ್ತಿದ್ದರು. ಮೈಯೆಲ್ಲ ಉರಿಯುತ್ತಿತ್ತು.

ಅವತ್ತೇ ಕೊನೆಯ ಅವಕಾಶ, ಮರುದಿನದಿಂದ ಮೇಲಿನ ಅಣೆಕಟ್ಟಿನ ದುರಸ್ತಿ. ಎರಡು ವರ್ಷ ಹೊಳೆಗೆ ನೀರು ಬಿಡುವುದಿಲ್ಲ ಎಂದಿದ್ದರು. ಇನ್ನೂ ಎರಡು ವರ್ಷ ಆ ಮೊಳೆ ನೋಡುವುದು ನನ್ನಿಂದಾಗದು.

"ಇವತ್ತು ಇಳಿದೇ ಇಳೀತೀನಿ," ಎಂದೆ.

ಶೆಡ್ಡಿನ ಒಡತಿ ನನ್ನ ಅಕ್ಕ. ಅಂಟಿನ ಡಬ್ಬ ಮುಚ್ಚುತ್ತಾ, "ಬೆಳಿಗ್ಗೆಯಿಂದ ಬಾಯಲ್ಲೇ ನಾಲ್ಕು ಸಲ ಇಳಿದಾಯ್ತು. ನಡಿ, ಹಗ್ಗ ಹಿಡ್ಕೊಂಡು ದಡದಲ್ಲಿ ನಿಂತಿರ್ತೀನಿ," ಎಂದಳು.

"ನಾನು ದೋಣಿಯಿಂದ ಈಚೆ ಬೀಳೋವರೆಗೂ ಹಗ್ಗ ಎಸೀಬೇಡ."

"ಆಯ್ತು ಮಹಾರಾಯ್ತಿ."

ಮೂರು ಬಂಡೆಗಳ ನಡುವೆ ನೀರು ಗರಗರ ತಿರುಗುವ, ಹಿಂದೆ ನಾನು ಬಿದ್ದಿದ್ದ ಆ ಜಾಗವನ್ನು ನಾವು ರುಬ್ಬುಗುಂಡು ಎನ್ನುತ್ತೇವೆ. ಎರಡು ಬಂಡೆ ಸಲೀಸಾಗಿ ದಾಟಿದೆ. ಮೂರನೆಯದರ ಹತ್ತಿರ ಬಲಗಡೆಯಿಂದ ಒಂದು ಅಲೆ ಬಂದು ದೋಣಿಯನ್ನು ತಲೆಕೆಳಗು ಮಾಡಿತು.

ಕಿವಿ ತುಂಬ ಮೊರೆತ. ಕೈ ತಾನಾಗಿಯೇ, ನನ್ನನ್ನು ದೋಣಿಗೆ ಬಿಗಿದಿದ್ದ ಸೊಂಟದ ರಬ್ಬರ್ ಹೊದಿಕೆಯ ಪಟ್ಟಿಗೆ ಹೋಯಿತು. ಎಳೆದರೆ ಸಾಕು, ಹೊರಗಿರುತ್ತೇನೆ. ಮೂರು ವರ್ಷದ ಹಿಂದೆ ಹಾಗೇ ಮಾಡಿದ್ದೆ. ಆಗ ಆ ಶೂ ನೆನಪಾಯಿತು. ಧೈರ್ಯವೇನಲ್ಲ, ನಿಜ ಹೇಳಬೇಕೆಂದರೆ ಬರೀ ಸಿಟ್ಟು. ಪಟ್ಟಿ ಬಿಟ್ಟು ಹುಟ್ಟು ಹಿಡಿದೆ. ಬೀಸಿದೆ. ಅರ್ಧ ಉಸಿರು, ಅರ್ಧ ನೀರು ಸಿಕ್ಕಿ ಮತ್ತೆ ಮುಳುಗಿದೆ. ಹಲ್ಲು ಕಚ್ಚಿ ಇನ್ನೊಮ್ಮೆ ಬೀಸಿ, ಸೊಂಟ ತಿರುಗಿಸಿದೆ. ಆಕಾಶ ಕಂಡಿತು. ಬಂಡೆ ನನ್ನ ಹಿಂದಿತ್ತು.

"ಎದ್ಲು! ಎದ್ಲು ನನ್ ತಂಗಿ!" ಅಕ್ಕ ಹಗ್ಗ ಬಿಸಾಕಿ ಕುಣಿಯುತ್ತಿದ್ದಳು. ನಾನು ದೋಣಿಯಲ್ಲೇ ಕೂತು ಗೊಳೋ ಎಂದು ಅತ್ತೆ. ಅಷ್ಟು ಖುಷಿ ನನಗೆ ಹಿಂದೆಂದೂ ಆಗಿರಲಿಲ್ಲ.

ಮೊಳೆಯಿಂದ ಇಳಿಸಿದ ಶೂ ಒಣಗಿ ಕಟ್ಟಿಗೆಯಾಗಿತ್ತು.

"ಬಿಸಾಕೇ. ಕಾಲಲ್ಲಿ ಹೊಸದಿದೆಯಲ್ಲ," ಎಂದಳು ಅಕ್ಕ.

"ಬಿಸಾಕೋದಾ?"

ಎಡಗಾಲಿನ ಹೊಸದನ್ನು ಕಳಚಿ, ಹಳೆಯದನ್ನು ನೀರಲ್ಲಿ ನೆನೆಸಿ ತುರುಕಿಕೊಂಡೆ. ಹಿಮ್ಮಡಿ ಕಚ್ಚುತ್ತಿತ್ತು. ಮನೆಗೆ ಹೊಳೆ ಪಕ್ಕದ ದಾರಿಯೇ ಹತ್ತಿರ. ನಾನು ಅಂಗಡಿ ಬೀದಿ ಹಿಡಿದು, ಎಡಗಾಲನ್ನು ಜೋರಾಗಿ ಊರುತ್ತಾ ಹೋದೆ.